ಮೇಲಿನವರ ಮಳೆ, ಕೆಳಗಿನವರ ನೆರೆ

(ಬೆಂಗಳೂರಿನ ಆಗ್ನೇಯ ಭಾಗದ ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆದಾಗ ವಿಷಯವನ್ನು ಚುಟುಕಾಗಿ ಹೇಳಿದರು. ಮಳೆಗಾಲಕ್ಕೆ ಮೊದಲು ಏನಾದರೂ ಮಾಡಬೇಕು, ಎರಡು ಪ್ರಸ್ತಾಪಗಳಿವೆ, ಹಣ ಒಂದಕ್ಕೆ ಮಾತ್ರ ಸಾಲುತ್ತದೆ. ಹಿಂಬದಿಯ ಕಾಂಪೌಂಡ್ ಗೋಡೆಯನ್ನು ಎತ್ತರಿಸಿ, ಗೇಟಿಗೆ ನೀರು ತಡೆಯುವ ಹಲಗೆ ಕೂರಿಸುವುದು ಒಂದು. ರಸ್ತೆಯ ಅಂಚಿನಲ್ಲಿ ಮತ್ತು ಪಾರ್ಕಿನಲ್ಲಿ ಇಂಗುಬಾವಿಗಳನ್ನು ತೋಡಿಸುವುದು ಇನ್ನೊಂದು. ಸಂಘದಲ್ಲಿ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ ಎಂದು ಕೇಳಿದೆ. ನಾನು ಎಂಜಿನಿಯರ್ ಅಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ಪತ್ರಿಕೆಗೆ ಸೇರಿದವರಿಗೆ ಮಳೆಗಾಲದಲ್ಲಿ ಸಿಗುವ ಕೆಲಸವೆಂದರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಜನರನ್ನು ಮಾತನಾಡಿಸುವುದು. ಆ ಕೆಲಸದಲ್ಲಿ ಕಂಡದ್ದನ್ನು, ಅದರ ಹಿಂದಿನ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತೇನೆ. ನನ್ನ ಅಭಿಪ್ರಾಯವನ್ನೂ ಮುಚ್ಚಿಡುವುದಿಲ್ಲ.

ಮೊದಲು ಊರಿನ ಮೈಕಟ್ಟನ್ನು ನೋಡೋಣ. ಬಹುತೇಕ ದೊಡ್ಡ ನಗರಗಳು ನದಿಯ ದಂಡೆಯಲ್ಲೋ ಕಡಲ ತೀರದಲ್ಲೋ ಬೆಳೆದವು. ಬೆಂಗಳೂರು ಬೆಳೆದದ್ದು ದಿಬ್ಬದ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಈ ದಿಬ್ಬದ ನೆತ್ತಿಗೆ ಬಿದ್ದ ಮಳೆ ಎರಡು ಕಡೆಗೆ ಇಳಿಯುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ ಕಣಿವೆ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹೋಗುತ್ತದೆ. ನಾವು ಈಗ ಕುಳಿತಿರುವುದು ಈ ಎರಡನೆಯ ಕಣಿವೆಯ ಇಳಿಜಾರಿನಲ್ಲಿ. ಉಕ್ಕಿ ಹರಿಯಲು ದೊಡ್ಡ ನದಿಯೇ ಇಲ್ಲದ, ದಿಬ್ಬದ ಮೇಲಿನ ಊರಿನಲ್ಲಿ ದೋಣಿ ಇಳಿಸುವ ಪರಿಸ್ಥಿತಿ ಬಂತೆಂದರೆ ಅದರ ಕಾರಣವನ್ನು ಆಕಾಶದಲ್ಲಿ ಮಾತ್ರ ಹುಡುಕಿದರೆ ಸಾಲದು.

ನದಿ ಇಲ್ಲದ ಕಾರಣಕ್ಕೇ ಹಿಂದಿನವರು ಕೆರೆ ಕಟ್ಟಿದರು. ಅಗರದಲ್ಲಿ ದೊರೆತ ಒಂಬತ್ತನೆಯ ಶತಮಾನದ ಶಾಸನದಲ್ಲೇ ಕೆರೆಯ ತೂಬಿನ ಪ್ರಸ್ತಾಪ ಬರುತ್ತದೆ. ಎಂದರೆ ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ನೂರು ವರ್ಷಗಳಿಗೂ ಮೊದಲೇ ಈ ಸೀಮೆಯಲ್ಲಿ ನೀರಿನ ಲೆಕ್ಕಾಚಾರ ಬಲ್ಲವರಿದ್ದರು. ಅವರು ಕಟ್ಟಿದ್ದು ಬಿಡಿ ಕೆರೆಗಳನ್ನಲ್ಲ, ಕೆರೆಗಳ ಸರಪಳಿಯನ್ನು. ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ, ಏರಿಯ ಬುಡದಲ್ಲಿ ಗದ್ದೆಗೆ ನೀರು ಬಿಡುವ ತೂಬು, ಪಕ್ಕದಲ್ಲಿ ಹೆಚ್ಚಾದ ನೀರು ತಾನಾಗಿ ಹೊರಬೀಳುವ ಕೋಡಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ಆ ಕಾಲುವೆಗೇ ರಾಜಕಾಲುವೆ ಎಂದು ಹೆಸರು. ನಮ್ಮ ಸುತ್ತಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಸವನಹಳ್ಳಿ ಕೆರೆಯ ನೀರು ಕೈಕೊಂಡ್ರಹಳ್ಳಿ ಕೆರೆಗೆ, ಅಲ್ಲಿಂದ ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ. ಇದು ಇಂದಿಗೂ ಬದಲಾಗದ ದಾರಿ. ನಾವು ರಸ್ತೆಗಳಿಗೆ ಎಷ್ಟು ಹೆಸರಿಟ್ಟರೂ ನೀರು ಓದುವುದು ಹಳೆಯ ನಕ್ಷೆಯನ್ನೇ.

ನೀರುಗಂಟಿಯ ಕೆಲಸ

ಈ ವ್ಯವಸ್ಥೆಯನ್ನು ನಡೆಸುತ್ತಿದ್ದವರು ಯಾರು? ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಯಾವ ದಿನ ತೂಬು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಬಿಲ ಬಿದ್ದಿದೆ, ಕಾಲುವೆಯಲ್ಲಿ ಎಲ್ಲಿ ಹೂಳು ತುಂಬಿದೆ, ಇವೆಲ್ಲ ಅವನ ಜವಾಬ್ದಾರಿ. ಅದಕ್ಕೆ ಪ್ರತಿಯಾಗಿ ಇನಾಂ ಜಮೀನು, ಸುಗ್ಗಿಯಲ್ಲಿ ಧಾನ್ಯದ ಪಾಲು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಭೂಮಿ ಬಿಟ್ಟುಕೊಡುವ ಕಟ್ಟುಕೊಡಗೆ, ಬಿತ್ತುವಟ್ಟಗಳ ಮಾತು ಶಾಸನಗಳ ತುಂಬ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೊಗಳುವ ರೂಢಿ ನಮ್ಮಲ್ಲಿದೆ. ಕೆರೆಯ ಮಣ್ಣು ಹೊತ್ತವರು ಯಾರು, ಕೆರೆಯ ಕೆಳಗಿನ ಒಳ್ಳೆಯ ಗದ್ದೆ ಯಾರದಾಗಿತ್ತು ಎಂದು ಕೇಳಿದರೆ ಜಾತಿಯ ಏಣಿ ಅಲ್ಲೂ ಕಾಣುತ್ತದೆ. ನೀರುಗಂಟಿ ಹಂಚುತ್ತಿದ್ದ ನೀರನ್ನು ಬಹಳ ಊರುಗಳಲ್ಲಿ ಅವನೇ ಮುಟ್ಟುವಂತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದು ಕಾಯ್ದೆ ಬಂದು ವಂಶಪಾರಂಪರ್ಯದ ಚಾಕರಿ ಹೋದದ್ದು ಸರಿಯೇ. ಆದರೆ ಹುದ್ದೆ ಹೋಯಿತು, ಕೆಲಸ ಉಳಿಯಿತು. ತೂಬಿನ ಬಳಿ ನಿಲ್ಲುವ ಇನ್ನೊಬ್ಬ ಮನುಷ್ಯನನ್ನು ಯಾರೂ ನೇಮಿಸಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಗರದೊಳಗೆ ಕೆರೆಗಳ ಗತಿ ಬೇರೆ ರೀತಿಯಲ್ಲಿ ಕೆಟ್ಟಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ದೂರದ ನೀರು ಮನೆಯ ನಲ್ಲಿಗೆ ಬಂದಂತೆ ಹತ್ತಿರದ ಕೆರೆ ಬರೀ ಖಾಲಿ ನಿವೇಶನವಾಗಿ ಕಾಣತೊಡಗಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅದರ ಒಂದು ಚೂರು ಹೊಂಡದಂತೆ ಉಳಿದುಕೊಂಡಿದೆ, ಅದೂ ಕರಗದ ಆಚರಣೆಗೆ ಬೇಕೆಂಬ ಕಾರಣಕ್ಕೆ. ಶೂಲೆ ಕೆರೆಯಲ್ಲಿ ಫುಟ್‌ಬಾಲ್, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ವಸತಿ ಸಮುಚ್ಚಯ ನಿಂತಿರುವುದೂ ಕೆರೆಯಂಗಳದಲ್ಲೇ. ತಮಾಷೆಯೆಂದರೆ, ಕ್ರೀಡೆಗೆ ಬೆಂಗಳೂರಿನ ಕೆರೆಗಳು ಕೊಟ್ಟಷ್ಟು ಜಾಗವನ್ನು ಬೇರಾರೂ ಕೊಟ್ಟಿಲ್ಲ! ಕೆರೆಗಳನ್ನು ಇನ್ನು ಮುಚ್ಚಬಾರದೆಂದು ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದ ಮಧ್ಯಭಾಗದಲ್ಲೇ ಹೇಳಿತ್ತು. ಅನಂತರವೂ ಕೆರೆಗಿಂತ ಹೆಚ್ಚಾಗಿ ನಲುಗಿದ್ದು ಕೆರೆಗಳ ನಡುವಿನ ಕಾಲುವೆ. ಕೆರೆ ಹೋದರೆ ಜನರ ಕಣ್ಣಿಗೆ ಬೀಳುತ್ತದೆ. ಕಾಲುವೆ ಮೂವತ್ತು ಅಡಿಯಿಂದ ಹತ್ತು ಅಡಿಗೆ ಇಳಿದರೆ ಮುಂದಿನ ದೊಡ್ಡ ಮಳೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಆ ದೊಡ್ಡ ಮಳೆ 2022ರ ಸೆಪ್ಟೆಂಬರ್ 4ರ ರಾತ್ರಿ ಬಂತು. ಮರುದಿನ ಬೆಳಿಗ್ಗೆಗೆ ಮುಗಿದ 24 ತಾಸುಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳು ಹೇಗಿದ್ದವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೋಟಿ ಕೋಟಿ ಬೆಲೆಯ ಮನೆಗಳವರೂ ಟ್ರ್ಯಾಕ್ಟರ್ ಏರಿ ಹೊರಬಂದರು. ಹೆಚ್ಚು ಜನರಿಗೆ ನೆನಪಿಲ್ಲದ ಸಂಗತಿ ಇನ್ನೊಂದಿದೆ. ಅದೇ ಮಳೆಗೆ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸಿಗೆ ನೀರು ನುಗ್ಗಿ, ಮುಳುಗಿದ ನಗರದ ನಲ್ಲಿಯಲ್ಲೇ ಕುಡಿಯುವ ನೀರು ನಿಂತುಹೋಯಿತು. 2017ರಲ್ಲಿ ವರ್ಷಕ್ಕೆ 1,696 ಮಿ.ಮೀ. ಮಳೆಯಾಗಿ ದಾಖಲೆ ಎನಿಸಿತ್ತು. 2022ರ ಅಕ್ಟೋಬರ್ ಮುಗಿಯುವ ಮುನ್ನವೇ ಆ ದಾಖಲೆ ಮುರಿಯಿತು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತಂದರು. ಒಂದೇ ವರ್ಷದಲ್ಲಿ ಬರವೂ ನೆರೆಯೂ. ಮಳೆಯನ್ನು ಹಿಡಿದಿಡುವ ಜಾಗ ಊರಿನಲ್ಲಿ ಉಳಿದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಜನ ಕೈಹಾಕಿದ ಕೆರೆಗಳು

ಸಿಮೆಂಟ್ ಚರಂಡಿಯನ್ನು ಅಗಲ ಮಾಡುತ್ತಾ ಹೋಗುವ ಬದಲು, ಬಿದ್ದ ಮಳೆಯನ್ನು ಬಿದ್ದಲ್ಲೇ ನಿಲ್ಲಿಸಿ, ಇಂಗಿಸಿ, ನಿಧಾನವಾಗಿ ಬಿಡುವ ಕ್ರಮಕ್ಕೆ ಈಗ ಪ್ರಪಂಚದಾದ್ಯಂತ ಹಸಿರು ಮೂಲಸೌಕರ್ಯ ಎಂದು ಹೆಸರು. ನೀರು ಇಂಗುವ ಪಾದಚಾರಿ ಮಾರ್ಗ, ರಸ್ತೆಯಂಚಿನ ತಗ್ಗು ಹಾಸು, ಜೌಗು, ಇಂಗುಬಾವಿ, ಕೆರೆ ಎಲ್ಲ ಇದರಲ್ಲಿ ಬರುತ್ತವೆ. ಹೆಸರು ಹೊಸದು. ಬೆಂಗಳೂರಿನ ಮಟ್ಟಿಗೆ ಸಾಮಗ್ರಿಯೆಲ್ಲ ಹಳೆಯದು.

ಈ ಕೆಲಸವನ್ನು ಸರ್ಕಾರ ಮಾಡಲಿ ಎಂದು ಕಾಯದೆ ಕೈಹಾಕಿದ ನೆರೆಹೊರೆಯವರು ಇದ್ದಾರೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸುಮಾರು 48 ಎಕರೆಯದು. 2000ದ ದಶಕದಲ್ಲಿ ಅಲ್ಲಿ ಕೊಳಚೆಯೂ ಕಸವೂ ತುಂಬಿತ್ತು. 2009ರ ಸುಮಾರಿಗೆ ಸುತ್ತಲಿನ ನಿವಾಸಿಗಳು, ಹಳ್ಳಿಯ ಹಿರಿಯರು, ಪರಿಸರ ತಜ್ಞರು ಕೂಡಿ ಆಗಿನ ಬಿಬಿಎಂಪಿ ಎಂಜಿನಿಯರುಗಳ ಜೊತೆ ಕುಳಿತು ಕೆರೆಯ ಯೋಜನೆ ಮಾಡಿದರು. ಹೂಳು ತೆಗೆದರು, ಕೊಳಚೆಯ ದಾರಿ ತಿರುಗಿಸಿದರು. ಅನಂತರ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಟ್ರಸ್ಟ್ ಅದರ ನಿಗಾ ವಹಿಸಿತು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಚಿಕ್ಕದು, ಹದಿಮೂರು ಎಕರೆಯ ಆಸುಪಾಸು. ಸುತ್ತ ಬಡಾವಣೆಗಳೆದ್ದು ನೀರಿನ ದಾರಿಗಳೆಲ್ಲ ಕಟ್ಟಿಹೋಗಿದ್ದವು. ಅಲ್ಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮರುವರ್ಷ ಪಾಲಿಕೆಯೊಡನೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಅಕ್ಕಪಕ್ಕದ ರಸ್ತೆಗಳಲ್ಲಿ ಸುಮ್ಮನೆ ಹರಿದುಹೋಗುತ್ತಿದ್ದ ಮಳೆನೀರನ್ನು ಕೆರೆಗೆ ತಿರುಗಿಸಿದರು. ಆ ನೀರೂ ಸಾಲದಾದಾಗ ಪಕ್ಕದ ದೊಡ್ಡ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಬಿಟ್ಟುಕೊಂಡರು. ಉತ್ತರದ ಜಕ್ಕೂರು ಕೆರೆಯದು ಮತ್ತೊಂದು ಮಾದರಿ. ಜಲಮಂಡಳಿಯ ಘಟಕದಲ್ಲಿ ಶುದ್ಧಿಯಾದ ಕೊಳಚೆ ನೀರು ಮೊದಲು ಜೌಗಿನ ಗಿಡಗಂಟಿಗಳ ನಡುವೆ ಹಾದು, ಆಮೇಲೆ ಕೆರೆ ಸೇರುತ್ತದೆ. ಸುತ್ತಲಿನ ತೆರೆದ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಅಲ್ಲಿನವರು ತೋರಿಸುತ್ತಾರೆ.

ಇನ್ನು ಬಾವಿಗಳ ವಿಷಯ. ಇದು ನನಗೆ ಪ್ರಿಯವಾದ ಭಾಗ, ಸ್ವಲ್ಪ ತಡೆದುಕೊಳ್ಳಬೇಕು. ಸರ್ಜಾಪುರದ ಕಡೆಯ ಭೋವಿಪಾಳ್ಯದಲ್ಲಿ ಮಣ್ಣು ವಡ್ಡರ ಮನೆತನಗಳಿವೆ. ತಲೆತಲಾಂತರದಿಂದ ಕೆರೆ, ಬಾವಿ ತೋಡಿದ ಜನ. ಕೊಳವೆಬಾವಿಯ ಲಾರಿಗಳು ಬಂದ ಮೇಲೆ ಅವರ ಕಸುಬಿಗೆ ಕುತ್ತು ಬಂದಿತ್ತು. ಎಸ್. ವಿಶ್ವನಾಥ್ ಮತ್ತು ಅವರ ಬಯೋಮ್ ಸಂಸ್ಥೆ ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಬೇಕೆಂದು ಶುರು ಮಾಡಿದ ಆಂದೋಲನ ಅವರ ಕೈಗೆ ಮತ್ತೆ ಗುದ್ದಲಿ ಕೊಟ್ಟಿತು. ಕಬ್ಬನ್ ಪಾರ್ಕಿನ ಏಳು ಹಳೆಯ ಬಾವಿಗಳ ಹೂಳು ತೆಗೆದು ನೀರು ಕಾಣಿಸಿದವರೂ ಇವರೇ. ಇಬ್ಬರು ಮೂವರ ತಂಡ, ಒಂದು ಹಗ್ಗ, ಬುಟ್ಟಿ, ಹಾರೆ, ಗಿಡ್ಡ ಹಿಡಿಯ ಗುದ್ದಲಿ. ಒಬ್ಬರು ಒಳಗೆ ಅಗೆದರೆ ಇನ್ನೊಬ್ಬರು ಮೇಲೆ ಮಣ್ಣು ಸೇದುತ್ತಾರೆ. ಬುಟ್ಟಿಯಲ್ಲಿ ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಇಲ್ಲಿ ನೀರು ಇಂಗುತ್ತದೆಯೋ ಇಲ್ಲವೋ ಹೇಳುವ ಅನುಭವ ಅವರಲ್ಲಿದೆ. ನಮ್ಮ ನೆಲದಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಶಿಥಿಲವಾದ ಗರಸು, ಅದರ ಕೆಳಗೆ ಗಟ್ಟಿ ಕಲ್ಲು. ನೀರು ಹಿಡಿಯುವುದು ಆ ಗರಸಿನ ಪದರ. ಇಂಗುಬಾವಿ ಎಂದರೆ ಆ ಪದರದವರೆಗೆ ತೋಡಿದ, ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಗುಂಡಿ. ಒಳಗೆ ಸಿಮೆಂಟಿನ ಉಂಗುರಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ, ನಡುವೆ ಗಾರೆ ಹಾಕುವುದಿಲ್ಲ, ನೀರು ಸಂದಿಯಿಂದಲೂ ತಳದಿಂದಲೂ ಹೊರಗೆ ಜಿನುಗಬೇಕು. ಮೇಲೊಂದು ಮುಚ್ಚಳ, ಪಕ್ಕದಲ್ಲಿ ಕಸ ಮತ್ತು ಹೂಳು ತಡೆಯುವ ಒಂದು ತೊಟ್ಟಿ. ಇಷ್ಟೇ. ಆ ತೊಟ್ಟಿಯನ್ನು ವರ್ಷಕ್ಕೆರಡು ಸಲ ಶುಚಿ ಮಾಡದಿದ್ದರೆ ಮೂರನೆಯ ವರ್ಷಕ್ಕೆ ಬಾವಿ ಕೆಸರಿನ ಡಬ್ಬಿಯಾಗುತ್ತದೆ. ಕಾನೂನೂ ಇದೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು, ಅರವತ್ತು–ನಲವತ್ತರ ಹಳೆಯ ಮನೆಗಳಿಗೂ ಮೂವತ್ತು–ನಲವತ್ತರ ಹೊಸ ಮನೆಗಳಿಗೂ ಮಳೆ ನೀರು ಕೊಯ್ಲನ್ನು ಕಡ್ಡಾಯ ಮಾಡಿದರು. ದಂಡ ತೆತ್ತು ಸುಮ್ಮನಿರುವವರು ಇದ್ದಾರೆಂಬುದು ಬೇರೆ ಮಾತು.

ಒಂದು ಲೆಕ್ಕ

ಇಷ್ಟು ಕೇಳಿದ ಮೇಲೆ ಬಾವಿಯ ಪರವಾಗಿರುವವರು ಚಪ್ಪಾಳೆ ತಟ್ಟಲು ಸಿದ್ಧರಾಗಿರಬಹುದು. ತಾಳಿ, ಒಂದು ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು–ನಲವತ್ತರ ನಿವೇಶನ ಎಂದರೆ 111 ಚದರ ಮೀಟರ್. 25 ಮಿ.ಮೀ. ಮಳೆ ಬಂದರೆ, ಇದು ನಮ್ಮಲ್ಲಿ ಒಂದು ಒಳ್ಳೆಯ ಸಂಜೆ ಮಳೆ, ಆ ನಿವೇಶನದಲ್ಲಿ ಸುಮಾರು 2,800 ಲೀಟರ್. ನಾನು ಹೇಳಿದ ಅಳತೆಯ ಬಾವಿಯಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಎಂದರೆ ಒಂದು ಹನಿಯೂ ರಸ್ತೆಗೆ ಬರಬೇಕಾಗಿಲ್ಲ. ವರ್ಷದ ಬಹುತೇಕ ಮಳೆಗಳು ಈ ಬಗೆಯವು.

ಈಗ 131.6 ಮಿ.ಮೀ. ಹಾಕಿ ನೋಡಿ. ಅದೇ ನಿವೇಶನದಲ್ಲಿ 14,600 ಲೀಟರ್. ಬಾವಿ ತುಂಬಿ, ಅದರ ಎರಡೂವರೆ ಪಟ್ಟು ನೀರು ಹೊರಗೆ. ಮೂವತ್ತು ಎಕರೆಯ ಬಡಾವಣೆಯಲ್ಲಿ ಆ ದಿನ ಬೀಳುವ ನೀರು ಸುಮಾರು 1.6 ಕೋಟಿ ಲೀಟರ್. ಮುನ್ನೂರು ಬಾವಿ ತೋಡಿದರೂ ಒಂದು ಸಲಕ್ಕೆ ಹಿಡಿಯುವುದು 12 ಲಕ್ಷ ಲೀಟರ್. ಹದಿಮೂರರಲ್ಲಿ ಒಂದು ಪಾಲು. ಮಳೆ ಸುರಿಯುತ್ತಿರುವಾಗಲೇ ಇಂಗುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಅದೂ ನಿಮ್ಮ ನೆತ್ತಿಯ ಮೇಲೆ ಬಿದ್ದ ಮಳೆಗೆ ಮಾತ್ರ. ಮೇಲಿನ ಕಣಿವೆಯಿಂದ ಬರುವ ನೀರಿನ ಲೆಕ್ಕ ಇದರಲ್ಲಿ ಇಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಬಡಾವಣೆಯ ಹೆಸರು ನಿಮಗೆ ಗೊತ್ತು. ಮಳೆನೀರಿನ ವಿಷಯದಲ್ಲಿ ಇಡೀ ನಗರಕ್ಕೆ ಪಾಠ ಹೇಳಿದ ಬಡಾವಣೆ ಅದು. ಕಾವೇರಿ ಸಂಪರ್ಕ ಇಲ್ಲದ ಕಾಲದಲ್ಲಿ ಅಲ್ಲಿನ ಸಂಘ ಖಾಸಗಿ ಕೊಳವೆಬಾವಿ ಬೇಡವೆಂದು ನಿಯಮ ಮಾಡಿತು, ಹೆಚ್ಚು ಬಳಸಿದವರಿಗೆ ಹೆಚ್ಚು ದರ ಹಾಕಿತು, ನೂರಾರು ಇಂಗುಬಾವಿ ತೋಡಿಸಿತು. ನೀರಿನ ಕೊರತೆಯ ಮಟ್ಟಿಗೆ ಅದು ಗೆದ್ದ ಕಥೆ. ಆದರೆ 2022ರಲ್ಲಿ ಅತಿ ಹೆಚ್ಚು ಮುಳುಗಿದ ಬಡಾವಣೆಗಳಲ್ಲಿ ಅದೂ ಒಂದು. ಜಾಗ ತಗ್ಗಿನಲ್ಲಿದೆ. ಮೇಲಿನ ಕೆರೆಯ ಕೋಡಿ ನೀರು ಅದೇ ದಾರಿಯಲ್ಲಿ ಬರಬೇಕು, ಮುಂದೆ ಹೋಗುವ ಕಾಲುವೆಯಲ್ಲಿ ಜಾಗವಿಲ್ಲ. ಆ ಬಾವಿಗಳು ವ್ಯರ್ಥ ಎಂದು ಇದನ್ನು ಎತ್ತಿ ಆಡುವವರನ್ನು ನಾನು ಕೇಳಿದ್ದೇನೆ. ಆ ಮಾತು ಸರಿಯಲ್ಲ. ಆ ಬಾವಿಗಳು ಮಾಡಬೇಕಾದ ಕೆಲಸ ಮಾಡಿದವು. ಮಾಡಲಾಗದ ಕೆಲಸವನ್ನು ಅವುಗಳ ತಲೆಗೆ ಕಟ್ಟಬಾರದು ಅಷ್ಟೇ. ಚೀನಾದಲ್ಲಿ ಊರಿಗೆ ಊರನ್ನೇ ಸ್ಪಂಜಿನಂತೆ ಮಾಡುವ ಯೋಜನೆಗೆ ಹೆಸರಾದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ತಾಸಿನಲ್ಲಿ 201.9 ಮಿ.ಮೀ. ಮಳೆ ಸುರಿದು ಸುರಂಗ ರೈಲಿನಲ್ಲೇ ಜನ ಸತ್ತರು. ಸ್ಪಂಜಿಗೂ ಒಂದು ಮಿತಿ ಇದೆ.

ಇನ್ನೊಂದು ಸೂಕ್ಷ್ಮವಿದೆ. ಮಳೆಗಾಲದ ನಡುವೆ ತಗ್ಗಿನ ಜಾಗದಲ್ಲಿ ಅಂತರ್ಜಲವೇ ನೆಲದ ಹತ್ತಿರ ಬಂದಿರುತ್ತದೆ. ಅಲ್ಲಿ ಬಾವಿ ತೋಡಿದರೆ ನೀರು ಒಳಗೆ ಹೋಗುವ ಬದಲು ಹೊರಗೆ ಇಣುಕುತ್ತದೆ. ಬಾವಿ ಚೆನ್ನಾಗಿ ಕೆಲಸ ಮಾಡುವುದು ದಿಬ್ಬದ ಮೇಲೆ. ಹಾಗೆ ನೋಡಿದರೆ, ಮೇಲೆ ಇರುವವರು ಬಾವಿ ತೋಡಿದರೆ ನೆರೆ ತಪ್ಪುವುದು ಕೆಳಗಿನವರಿಗೆ. ಹಣ ಹಾಕುವವರು ಒಬ್ಬರು, ನೆಮ್ಮದಿಯಿಂದ ಮಲಗುವವರು ಇನ್ನೊಬ್ಬರು. ಹಿಂದೆ ಈ ಎರಡು ಊರುಗಳನ್ನು ಕಾಲುವೆ ಕಟ್ಟಿಹಾಕಿತ್ತು. ಮೇಲಿನ ಕೋಡಿ ಒಡೆದರೆ ಕೆಳಗಿನ ಅಚ್ಚುಕಟ್ಟು ಕೊಚ್ಚಿಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಇಂದು ಮೇಲಿನ ಬಡಾವಣೆಯ ಸಂಘಕ್ಕೂ ಕೆಳಗಿನ ಬಡಾವಣೆಯ ಸಂಘಕ್ಕೂ ಪರಿಚಯವೇ ಇರುವುದಿಲ್ಲ. ಕನ್ನಡದಲ್ಲಿ ನೆರೆ ಎಂದರೆ ಪ್ರವಾಹವೂ ಹೌದು, ಪಕ್ಕದವರೂ ಹೌದು.

ಹಾಗಾದರೆ 1.6 ಕೋಟಿ ಲೀಟರ್ ನೀರನ್ನು ಹಿಡಿಯುವವರು ಯಾರು? ಕೆರೆಯೇ. ನಲವತ್ತು ಎಕರೆ ನೀರು ನಿಲ್ಲುವ ಕೆರೆಯಲ್ಲಿ ಒಂದೇ ಒಂದು ಅಡಿ ಜಾಗ ಖಾಲಿ ಇದ್ದರೆ ಸುಮಾರು 5 ಕೋಟಿ ಲೀಟರ್ ಹಿಡಿಯುತ್ತದೆ. ಮೂವತ್ತು ಎಕರೆಯ ಮೂರು ಬಡಾವಣೆಗಳ ಆ ರಾತ್ರಿಯ ಮಳೆ ಅದರಲ್ಲಿ ಅಡಗುತ್ತದೆ. ಆದರೆ ಖಾಲಿ ಇರಬೇಕು. ಇಲ್ಲೇ ನಾನು ನೆನಪಿಟ್ಟುಕೊಳ್ಳಿ ಎಂದ ನೀರುಗಂಟಿ ಮತ್ತೆ ಬರುತ್ತಾನೆ. ಹಿಂದೆ ಬೇಸಿಗೆಯ ಹೊತ್ತಿಗೆ ಕೆರೆ ಗದ್ದೆಗೆ ನೀರು ಕೊಟ್ಟು ಕೊಟ್ಟು ಇಳಿದಿರುತ್ತಿತ್ತು. ಜನ ಅದರಂಗಳದ ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಮುಂಗಾರು ಬಂದಾಗ ಕೆರೆ ಬಾಯಿ ತೆರೆದು ಕಾದಿರುತ್ತಿತ್ತು. ಈಗ ಗದ್ದೆಗಳಿಲ್ಲ, ತೂಬು ಎತ್ತುವವರಿಲ್ಲ. ಕೊಳಚೆಯೋ ಶುದ್ಧೀಕರಿಸಿದ ನೀರೋ ವರ್ಷವಿಡೀ ಬಂದು ತುಂಬುತ್ತದೆ. ಬೆಳಿಗ್ಗೆ ವಾಕಿಂಗ್ ಬರುವ ನಮಗೂ ಕೆರೆ ತುಂಬಿ ತುಳುಕುತ್ತಿದ್ದರೇ ಚೆಂದ. ನೀರು ಇಳಿಸಿದರೆ ಹಕ್ಕಿ ಹೋಯಿತು, ಮೀನು ಹೋಯಿತು ಎಂದು ಪತ್ರಿಕೆಗೆ ಪತ್ರ ಬರುತ್ತದೆ. ಅವರ ಆತಂಕ ಸುಳ್ಳಲ್ಲ. ಆದರೆ ಸೆಪ್ಟೆಂಬರಿನಲ್ಲಿ ತುಂಬಿ ಕುಳಿತ ಕೆರೆ ನೆರೆಯ ಮಟ್ಟಿಗೆ ಒಂದು ಮೈದಾನಕ್ಕೆ ಸಮ. ಮೇಲೆ ಬಿದ್ದದ್ದನ್ನೆಲ್ಲ ಹಾಗೇ ಕೆಳಗೆ ತಳ್ಳುತ್ತದೆ. ತೂಬುಗಳಿಗೆ ಗೇಟು ಕೂರಿಸಿ ಮಳೆಗೆ ಮೊದಲೇ ನೀರು ಇಳಿಸುವ ಮಾತು 2022ರ ಅನಂತರ ಪಾಲಿಕೆಯಲ್ಲೂ ನಡೆಯಿತು. ಗೇಟು ಕಬ್ಬಿಣದ್ದು, ಬೇಗ ಬರುತ್ತದೆ. ಅದರ ಪಕ್ಕದಲ್ಲಿ ನಿಲ್ಲುವ ಮನುಷ್ಯ? 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಕಣಿವೆಗಳು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ. ಮೇಲಿನ ಕೆರೆ ಒಬ್ಬರದು, ಕೆಳಗಿನದು ಇನ್ನೊಬ್ಬರದು ಆದಾಗ ತೂಬಿನ ಕೀಲಿ ಯಾರ ಕೈಯಲ್ಲಿ ಎಂದು ಮಳೆಗೆ ಮೊದಲೇ ಕೇಳಿ ತಿಳಿದುಕೊಳ್ಳಬೇಕಾದವರು ನಾವು.

ಈಗ ನಿಮ್ಮ ಗೋಡೆಯ ಮಾತಿಗೆ ಬರುತ್ತೇನೆ. ಗೋಡೆಯಿಂದ ನಿಮಗೆ ಪ್ರಯೋಜನ ಇಲ್ಲವೆಂದು ನಾನು ಹೇಳಲಾರೆ. ಒಂದೆರಡು ಮಳೆಗೆ ಅದು ತಡೆದೀತು. ಆದರೆ ಗೋಡೆ ನೀರನ್ನು ಇಂಗಿಸುವುದಿಲ್ಲ, ಹಿಡಿಯುವುದಿಲ್ಲ, ಪಕ್ಕಕ್ಕೆ ತಿರುಗಿಸುತ್ತದೆ. ಒಳಗೆ ಬರುವ ಮುನ್ನ ನಿಮ್ಮ ಹಿಂಬದಿಗೆ ನಡೆದು ಹೋಗಿ ನೋಡಿದೆ. ಗೋಡೆಯ ಆಚೆ, ಕಾಲುವೆಗೆ ಎರಡೇ ಮಾರು ದೂರದಲ್ಲಿ ತಗಡಿನ ಶೆಡ್ಡುಗಳ ಸಾಲಿದೆ. ಕಟ್ಟಡ ಕೆಲಸಕ್ಕೆ ಬಂದವರು, ನಿಮ್ಮ ಮನೆಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಇಂದು ಆ ನೀರಿನಲ್ಲಿ ಒಂದು ಪಾಲು ನಿಮ್ಮ ಪಾರ್ಕಿನಲ್ಲಿ ಹರಡುತ್ತದೆ, ಒಂದು ಪಾಲು ಅವರಲ್ಲಿ. ಗೋಡೆ ಎದ್ದರೆ ಎರಡೂ ಪಾಲು ಅವರದೇ. ಅವರಿಗೆ ಮೊದಲ ಮಹಡಿ ಇಲ್ಲ. ನೆರೆಯ ಮರುದಿನ ಕಾರುಗಳ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ನೆನೆದ ಅಕ್ಕಿಮೂಟೆ, ಕರಗಿದ ಆಧಾರ್ ಕಾರ್ಡಿನ ಚಿತ್ರ ಒಳಪುಟಕ್ಕೂ ಬರುವುದಿಲ್ಲ. ಈ ಮಾತು ನನ್ನ ವೃತ್ತಿಗೂ ಸೇರಿ ಹೇಳುತ್ತಿದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ, ಗೋಡೆಯ ಹಣದಲ್ಲಿ ಬಾವಿ ತೋಡಿಸಿ. ಆದರೆ ಎಲ್ಲವನ್ನೂ ಪಾರ್ಕಿನಲ್ಲಿ ತೋಡಬೇಡಿ, ಪಾರ್ಕು ನಿಮ್ಮ ತಗ್ಗು. ಮೇಲಿನ ಎರಡು ಅಡ್ಡರಸ್ತೆಗಳಲ್ಲಿ ತೋಡಿಸಿ. ತೋಡುವ ಜಾಗವನ್ನು ಭೋವಿಪಾಳ್ಯದವರಿಗೆ ತೋರಿಸಿ ಅವರ ಮಾತು ಕೇಳಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಬಾವಿಯ ಕೆಲಸದಲ್ಲಿ ಉಸಿರುಗಟ್ಟುವ, ಮಣ್ಣು ಕುಸಿಯುವ ಅಪಾಯ ಇದ್ದೇ ಇದೆ. ಪಾರ್ಕನ್ನು ಒಂದೂವರೆ ಅಡಿ ತಗ್ಗಿಸಿ ಹುಲ್ಲು ಹಾಸಿದರೆ, ದೊಡ್ಡ ಮಳೆಯಲ್ಲಿ ಅದೇ ಒಂದು ಪುಟ್ಟ ಕುಂಟೆಯಾಗಿ ನಿಲ್ಲುತ್ತದೆ. ಎರಡು ದಿನ ಮಕ್ಕಳ ಆಟ ತಪ್ಪಬಹುದು. ಸ್ವಲ್ಪ ಹಣ ಉಳಿಸಿಕೊಂಡು ಮೇಲಿನ ಬಡಾವಣೆಯ ಸಂಘದವರನ್ನು ಚಹಾಕ್ಕೆ ಕರೆಯಿರಿ. ಅವರ ಚಾವಣಿಗಳ ನೀರು ನಿಮ್ಮ ಗೇಟಿಗೆ ಬರುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಾರರು. ಶೆಡ್ಡುಗಳವರಲ್ಲಿ ಒಬ್ಬಿಬ್ಬರನ್ನೂ ಅದೇ ಸಭೆಯಲ್ಲಿ ಕೂರಿಸಿಕೊಳ್ಳಿ. ಕಾಲುವೆ ಎಷ್ಟು ಹೊತ್ತಿಗೆ ಏರುತ್ತದೆ, ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ನಮ್ಮೆಲ್ಲರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕಡೆಯದಾಗಿ ನಕ್ಷೆ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಈ ಕಾಲುವೆಯ ಗೆರೆ, ಕೆರೆಯ ಸರ್ವೆ ನಂಬರು ಎಲ್ಲ ಇದೆ. ಒಂದು ಪ್ರತಿ ತಂದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಮೇಲಿನ ಕೆರೆಯ ಕೋಡಿಯಿಂದ ಶುರು ಮಾಡಿ, ಕಾಲುವೆಯ ಗುಂಟ ನಿಮ್ಮ ಗೋಡೆಯವರೆಗೆ ನಡೆಯೋಣ, ಅಲ್ಲಲ್ಲಿ ಅಗಲ ಅಳೆದು ನಕ್ಷೆಯ ಮೇಲೆ ಬರೆಯೋಣ. ಎರಡು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಅಳತೆಯ ಟೇಪು ನಾನು ತರುತ್ತೇನೆ. ಬರುವವರು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬನ್ನಿ, ಮಧ್ಯದಲ್ಲಿ ಒಂದು ಕಡೆ ಗಾಜಿನ ಚೂರು ಬಹಳ ಇದೆ.